ಹಳೇ ಎಲೆಕ್ಟ್ರಿಕ್ ಇಂಜಿನ್ ಮತ್ತೆ ಓಡಬಹುದೇ?

ಪ್ರಶ್ನೆ: ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿ ‘ಸರ್ ಲೆಸ್ಲಿ ವಿಲ್ಸನ್’ ಎಂಬ ಹಳೇ ಎಲೆಕ್ಟ್ರಿಕ್ ಇಂಜಿನ್ ನೋಡಿದೆ. ನಮ್ಮ ಅಜ್ಜ ಮುಂಬೈ ಕಡೆ ಇಂಥದ್ದೇ ಇಂಜಿನ್ ಓಡಿಸಿ ನಿವೃತ್ತರಾದವರು. 1855ರ ಉಗಿ ಇಂಜಿನ್‌ಗಳನ್ನೇ ಮತ್ತೆ ಓಡಿಸಿದ್ದಾರೆ. ಅವಕ್ಕಿಂತ ಎಪ್ಪತ್ತು ವರ್ಷ ಚಿಕ್ಕದಾದ ಇದು ಯಾಕೆ ಓಡುವುದಿಲ್ಲ? ಅಷ್ಟೊಂದು ಕೆಟ್ಟಿದೆಯಾ? ಇಂಥ ಇಂಜಿನ್ ಎಷ್ಟು ವರ್ಷ ದುಡಿಯುತ್ತದೆ, ಆಮೇಲೆ ಅದನ್ನು ಕಾಪಾಡುವುದು ಹೇಗೆ?

ಉತ್ತರ:

ಕೆಟ್ಟಿದೆಯೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ನಾಳೆ ಬೆಳಿಗ್ಗೆ ಆ ಇಂಜಿನ್ ಹೊಸದರಷ್ಟೇ ಚೆನ್ನಾಗಿ ಆದರೂ ಭಾರತದ ಯಾವ ಮುಖ್ಯ ಮಾರ್ಗದಲ್ಲೂ ಅದು ತಾನಾಗಿ ಒಂದು ಅಡಿ ಕದಲುವುದಿಲ್ಲ. ಅದು ಉಣ್ಣುವ ಕರೆಂಟ್ ಈಗ ನಮ್ಮ ತಂತಿಗಳಲ್ಲಿ ಇಲ್ಲ.

ಉಗಿ ಇಂಜಿನ್ ತನ್ನ ಕಲ್ಲಿದ್ದಲು, ತನ್ನ ನೀರು ತಾನೇ ಹೊತ್ತು ತರುತ್ತದೆ. ಹಳಿಯ ಅಗಲ ಸರಿಹೊಂದಿದರೆ ಸಾಕು, ಎಲ್ಲಿ ಬೇಕಾದರೂ ಓಡುತ್ತದೆ. 1855ರ ‘ಫೇರಿ ಕ್ವೀನ್’ 1997ರಲ್ಲಿ ಮತ್ತೆ ಹಳಿಗೆ ಬಂದಾಗ ಅದಕ್ಕೆ ಬೇಕಾಗಿದ್ದು ಬೆಂಕಿ, ನೀರು, ಸರಿಯಾದ ಬಾಯ್ಲರ್. ಎಲೆಕ್ಟ್ರಿಕ್ ಇಂಜಿನ್ ಹಾಗಲ್ಲ. ಅದು ಅರ್ಧ ಯಂತ್ರ. ಇನ್ನರ್ಧ ಅಂದರೆ ಮೇಲಿನ ತಂತಿ, ಸಬ್‌ಸ್ಟೇಷನ್, ಆ ಸಬ್‌ಸ್ಟೇಷನ್‌ಗೆ ಬರುವ ಲೈನು. ಮ್ಯೂಸಿಯಂಗೆ ತಂದಿಟ್ಟಿರುವುದು ಬರೀ ಈ ಅರ್ಧ.

ನೀವು ನೋಡಿದ ಇಂಜಿನ್ನಿನ ಕಥೆಯನ್ನೇ ತೆಗೆದುಕೊಳ್ಳೋಣ. 1925ರ ಫೆಬ್ರವರಿ 3ರಂದು ಬಾಂಬೆ ವಿಟಿಯಿಂದ ಕುರ್ಲಾಕ್ಕೆ ದೇಶದ ಮೊದಲ ಎಲೆಕ್ಟ್ರಿಕ್ ರೈಲು ಓಡಿತು. ತಂತಿಯಲ್ಲಿದ್ದದ್ದು 1500 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಆಗಿನ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಗೆ ನಿಜವಾದ ತಲೆನೋವು ಲೋಕಲ್ ರೈಲಲ್ಲ, ಪಶ್ಚಿಮ ಘಟ್ಟ. ಪುಣೆ ಕಡೆಗೆ ಭೋರ್ ಘಾಟಿ, ನಾಸಿಕ್ ಕಡೆಗೆ ಥಳ್ ಘಾಟಿ. ಎರಡರಲ್ಲೂ 37 ಅಡಿ ಮುಂದೆ ಹೋದರೆ ಒಂದಡಿ ಏರು. ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಇದು ಘೋರ ಏರು. ಸಾವಿರ ಟನ್ ಗಾಡಿಯನ್ನು ಅಲ್ಲಿ ಜಾರದಂತೆ ಹಿಡಿದು ನಿಲ್ಲಿಸುವುದಕ್ಕೇ 27 ಟನ್ ಬಲ ಬೇಕು. ಮುಂದಕ್ಕೆ ಎಳೆಯುವುದು ಅದರ ಮೇಲಿನ ಲೆಕ್ಕ.

ಅದಕ್ಕಾಗಿಯೇ 1928ರಿಂದ ಇಎಫ್/1 ಅನ್ನುವ ಇಂಜಿನ್‌ಗಳು ಬಂದವು. ನೀವು ನೋಡಿದ್ದು ಇವುಗಳಲ್ಲೊಂದು. ಸ್ವಾತಂತ್ರ್ಯದ ನಂತರ ಇವಕ್ಕೆ ಡಬ್ಲ್ಯುಸಿಜಿ-1 ಎಂಬ ಹೆಸರಾಯಿತು. ಒಟ್ಟು 41. ವಿನ್ಯಾಸ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಊರಿನ ಎಸ್‌ಎಲ್‌ಎಂ ಕಾರ್ಖಾನೆಯದು. ಮೊದಲ ಹತ್ತು ಅಲ್ಲೇ ತಯಾರಾದವು, ಉಳಿದವು ಇಂಗ್ಲೆಂಡಿನ ವಲ್ಕನ್ ಫೌಂಡ್ರಿಯಲ್ಲಿ. 2600 ಅಶ್ವಶಕ್ತಿ, ಸುಮಾರು 125 ಟನ್ ತೂಕ. ಮಧ್ಯದಲ್ಲಿ ಎತ್ತರದ ಪೆಟ್ಟಿಗೆ, ಎರಡು ಕಡೆ ತಗ್ಗಾದ ಮೂತಿ. ಮೂರು ತುಂಡೂ ಬಾಗುವ ಹಾಗೆ ಜೋಡಿಸಿದ್ದರಿಂದ ಘಾಟಿಯ ತಿರುವುಗಳಲ್ಲಿ ಸಲೀಸಾಗಿ ಹೊರಳುತ್ತಿತ್ತು. ಯುರೋಪಿನಲ್ಲಿ ಈ ಆಕಾರದ ಇಂಜಿನ್ನಿಗೆ ಮೊಸಳೆ ಅಂತ ಹೆಸರು. ನಮ್ಮ ಘಾಟಿಯ ರೈಲ್ವೆ ಮಂದಿ ಇದನ್ನು ಖೇಕಡಾ, ಅಂದರೆ ಏಡಿ ಅಂದರು. ನಿಮ್ಮ ಅಜ್ಜನೂ ಹಾಗೇ ಅಂದಿರುತ್ತಾರೆ.

ಮ್ಯೂಸಿಯಂನಲ್ಲಿ ಬದಿಗೆ ನಿಂತು ಚಕ್ರಗಳನ್ನು ನೋಡಿದ್ದೀರಾ? ಎಲೆಕ್ಟ್ರಿಕ್ ಇಂಜಿನ್ನಿಗೆ ಉಗಿ ಇಂಜಿನ್ನಿನ ಹಾಗೆ ಕಬ್ಬಿಣದ ರಾಡುಗಳಿವೆ. ಆ ಕಾಲದ ಮೋಟರುಗಳು ದೊಡ್ಡ ಗಾತ್ರದವು. ಈಗಿನ ಹಾಗೆ ಒಂದೊಂದು ಅಚ್ಚಿಗೆ ಒಂದೊಂದು ಮೋಟರ್ ತೂಗುಹಾಕಲು ಜಾಗ ಸಾಲುತ್ತಿರಲಿಲ್ಲ. ಅದಕ್ಕೇ ಮೂತಿಯೊಳಗೆ ಎರಡೆರಡು ಮೋಟರ್ ಇಟ್ಟು, ಗೇರಿನಿಂದ ಒಂದು ಜ್ಯಾಕ್ ಶಾಫ್ಟ್ ತಿರುಗಿಸಿ, ಅಲ್ಲಿಂದ ರಾಡುಗಳ ಮೂಲಕ ಮೂರು ಜೊತೆ ಚಕ್ರಕ್ಕೆ ಶಕ್ತಿ ಕೊಟ್ಟರು. ಇದರಿಂದ ಒಂದು ಲಾಭವೂ ಇತ್ತು. ಚಕ್ರಗಳೆಲ್ಲ ಒಂದಕ್ಕೊಂದು ಕಟ್ಟಿಕೊಂಡಿರುವುದರಿಂದ ಮಳೆಗಾಲದ ಒದ್ದೆ ಹಳಿಯ ಮೇಲೂ ಒಂದೇ ಅಚ್ಚು ತಾನೊಂದೇ ಜಾರಿ ಗರಗರ ತಿರುಗಲು ಬಿಡುವುದಿಲ್ಲ. ಘಾಟಿಗೆ ಇದು ಸಣ್ಣ ವಿಷಯವಲ್ಲ.

ಇಳಿಯುವಾಗ ಇನ್ನೊಂದು ಚೆಂದದ ಕೆಲಸ. ಮೋಟರುಗಳನ್ನೇ ಜನರೇಟರ್ ಮಾಡಿ ಗಾಡಿಯ ಓಟಕ್ಕೆ ತಡೆ ಹಾಕುವುದು, ಹುಟ್ಟಿದ ಕರೆಂಟನ್ನು ವಾಪಸ್ ತಂತಿಗೆ ಕೊಡುವುದು. ಕೆಳಗೆ ಬರುವ ಗಾಡಿ ಮೇಲೆ ಹತ್ತುವ ಗಾಡಿಗೆ ಸಹಾಯ ಮಾಡುತ್ತಿತ್ತು. ರೀಜನರೇಟಿವ್ ಬ್ರೇಕ್ ಅಂತ ಈಗ ಕಾರು ಮಾರುವವರು ಹೊಸ ಸಂಗತಿಯ ಹಾಗೆ ಹೇಳುತ್ತಾರೆ. ಭೋರ್ ಘಾಟಿಯಲ್ಲಿ ಇದು ನೂರು ವರ್ಷದ ಹಿಂದಿನ ದಿನನಿತ್ಯದ ಕೆಲಸ.

ಈಗ ಎಷ್ಟು ವರ್ಷ ದುಡಿಯುತ್ತದೆ ಅನ್ನುವ ಪ್ರಶ್ನೆ. ರೈಲ್ವೆ ಲೆಕ್ಕದಲ್ಲಿ ಎಲೆಕ್ಟ್ರಿಕ್ ಇಂಜಿನ್ನಿನ ಆಯುಸ್ಸು 35 ವರ್ಷ. ಅರ್ಧ ಆಯುಸ್ಸಿನ ಹೊತ್ತಿಗೆ ಪೂರ್ತಿ ಬಿಚ್ಚಿ ತಂತಿಯಿಂದ ಹಿಡಿದು ಎಲ್ಲ ಹೊಸದು ಮಾಡುತ್ತಾರೆ. ಖೇಕಡಾಗಳು ಅರವತ್ತು ವರ್ಷ ಬಾಳಿದವು. ಕೊನೆಯವು 1990ರ ದಶಕದ ಆರಂಭದಲ್ಲಿ ನಿಂತವು. ಉಕ್ಕು ಒಳ್ಳೇದಿತ್ತು, ನಿಜ. ಆದರೆ ಅದಷ್ಟೇ ಕಾರಣವಲ್ಲ. ಮೊದಲು ಗೂಡ್ಸ್ ಎಳೆದವು. 1950ರ ನಂತರ ಒಂದೊಂದಾಗಿ ಹೊಸ ಇಂಜಿನ್‌ಗಳು ಬಂದಂತೆ ಹಗುರದ ಕೆಲಸಕ್ಕೆ ಸರಿದವು. 1970ರ ದಶಕದಲ್ಲಿ ಚಿತ್ತರಂಜನ್‌ನಲ್ಲಿ ತಯಾರಾದ ಡಬ್ಲ್ಯುಸಿಜಿ-2 ಬಂದು ಘಾಟಿಯಲ್ಲಿ ಹಿಂದಿನಿಂದ ತಳ್ಳುವ ಬ್ಯಾಂಕರ್ ಕೆಲಸವನ್ನೂ ತೆಗೆದುಕೊಂಡಿತು. ಕೊನೆಕೊನೆಗೆ ಮುಂಬೈನಲ್ಲಿ ಬೋಗಿಗಳನ್ನು ಆ ಕಡೆಯಿಂದ ಈ ಕಡೆಗೆ ಸರಿಸುವ ಶಂಟಿಂಗ್. ದೇಶದ ಉಳಿದ ಭಾಗ 25,000 ವೋಲ್ಟ್ ಎಸಿಗೆ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟಿಗೆ, ಹೋದರೂ ಮುಂಬೈ ಸುತ್ತ ಡಿಸಿ ಉಳಿದಿತ್ತಲ್ಲ, ಅಲ್ಲಿಗೆ ಹೊಸ ಇಂಜಿನ್ ಸುಲಭಕ್ಕೆ ಸಿಗುತ್ತಿರಲಿಲ್ಲ. ಹಾಗಾಗಿ ಹಳೆಯವನ್ನೇ ಬಿಡದೆ ದುಡಿಸಿದರು.

ಇಂಜಿನ್ನಿಗೆ ವಯಸ್ಸಾಗುವುದು ಎಲ್ಲಿ ಅಂತ ಜನ ಕೇಳುವುದು ಕಡಿಮೆ. ನನ್ನ ಕೆಲಸವೆಲ್ಲ ಟ್ರ್ಯಾಕ್ಷನ್ ಮೋಟರ್, ಅಂದರೆ ಚಕ್ರ ತಿರುಗಿಸುವ ಮೋಟರ್ ಸೆಕ್ಷನ್ನಿನಲ್ಲೇ ಕಳೆದದ್ದರಿಂದ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಡಿಸಿ ಮೋಟರಿನ ಜೀವ ಇರುವುದು ಕಾಮ್ಯುಟೇಟರಿನಲ್ಲಿ. ತಾಮ್ರದ ಸಣ್ಣ ಸಣ್ಣ ಪಟ್ಟಿಗಳನ್ನು ಉರುಟಾಗಿ ಜೋಡಿಸಿ, ಪಟ್ಟಿಗೂ ಪಟ್ಟಿಗೂ ನಡುವೆ ತೆಳುವಾದ ಮೈಕಾ ಇಟ್ಟು ಬಿಗಿದಿರುತ್ತಾರೆ. ಅದರ ಮೇಲೆ ಕಾರ್ಬನ್ ಬ್ರಶ್‌ಗಳು ಉಜ್ಜುತ್ತಾ ಕರೆಂಟ್ ಕೊಡುತ್ತವೆ. ಬಾಗಿಲು ತೆಗೆದು ಟಾರ್ಚ್ ಹಾಕಿ ನೋಡಿದರೆ ಸಾಕು, ಆ ಮೋಟರ್ ಹೇಗೆ ಬದುಕಿದೆ ಅಂತ ಗೊತ್ತಾಗುತ್ತದೆ. ಒಳ್ಳೆಯ ಕಾಮ್ಯುಟೇಟರ್ ಹೊಳೆಯುವುದಿಲ್ಲ. ಅದರ ಮೈ ಮೇಲೆ ಒಂದೇ ಸಮನಾದ ಚಾಕೊಲೇಟ್ ಬಣ್ಣದ ತೆಳು ಪದರ ಕೂತಿರುತ್ತದೆ. ಅದು ಕಾಮ್ಯುಟೇಟರನ್ನೂ ಬ್ರಶ್ಶನ್ನೂ ಸವೆಯದಂತೆ ಕಾಯುತ್ತದೆ. ಹೊಸಬರು ಕೊಳೆ ಅಂತ ತಿಳಿದು ಉಜ್ಜಲು ಹೋಗುತ್ತಾರೆ, ತಡೆಯಬೇಕು. ಪಟ್ಟಿಗಳು ಲೆಕ್ಕ ಹಾಕಿದ ಹಾಗೆ ಅಲ್ಲೊಂದು ಇಲ್ಲೊಂದು ಕಪ್ಪಾಗಿದ್ದರೆ ಒಳಗೆ ಎಲ್ಲೋ ಬೆಸುಗೆ ಬಿಟ್ಟಿದೆ. ಪಕ್ಕಪಕ್ಕದ ಕೆಲವೇ ಪಟ್ಟಿಗಳು ಸುಟ್ಟಿದ್ದರೆ ಗಾಡಿ ಏರಿನಲ್ಲಿ ಕದಲದೆ ನಿಂತಾಗಲೂ ಯಾರೋ ಕರೆಂಟ್ ಕೊಟ್ಟು ಹಿಡಿದಿದ್ದಾರೆ. ಚಕ್ರ ತಿರುಗದಿದ್ದಾಗ ಅಷ್ಟೂ ಕರೆಂಟ್ ಅದೇ ಪಟ್ಟಿಗಳ ಮೂಲಕ ಹೋಗುತ್ತದೆ. ಕೆಲವೇ ಸೆಕೆಂಡ್ ಸಾಕು, ಗುರುತು ಉಳಿಯುತ್ತದೆ.

ಮೈಕಾ ತಾಮ್ರಕ್ಕಿಂತ ನಿಧಾನ ಸವೆಯುತ್ತದೆ. ಹಾಗೇ ಬಿಟ್ಟರೆ ಅದು ಮೇಲೆದ್ದು ಬ್ರಶ್ ಕುಣಿಯುತ್ತದೆ, ಕಿಡಿ ಹಾರುತ್ತದೆ. ಅದಕ್ಕೇ ಅದನ್ನು ತಾಮ್ರಕ್ಕಿಂತ ಸ್ವಲ್ಪ ಕೆಳಗಿರುವ ಹಾಗೆ ಕೊರೆಯುತ್ತಾರೆ. ಬ್ರಶ್ಶಿನ ಕಪ್ಪು ಪುಡಿ ಸಂದಿಯಲ್ಲಿ ತುಂಬಿದರೂ ತೊಂದರೆಯೇ. ಪುಡಿ, ತೇವ ಎರಡೂ ಸೇರಿದರೆ ಕರೆಂಟ್ ದಾರಿ ತಪ್ಪಿ ಕಾಮ್ಯುಟೇಟರಿನ ಸುತ್ತ ಬೆಂಕಿಯ ಬಳೆ ತೊಡಿಸಿದ ಹಾಗೆ ಹೊತ್ತಿಕೊಳ್ಳುತ್ತದೆ. ಇದನ್ನು ಫ್ಲ್ಯಾಶ್‌ಓವರ್ ಅನ್ನುತ್ತೇವೆ.

ಇದಕ್ಕಿಂತ ನಿಧಾನವಾದ ಶತ್ರು ಬಿಸಿ. ಘಾಟಿಯಲ್ಲಿ ವೇಗ ಕಡಿಮೆ, ಎಳೆತ ಜಾಸ್ತಿ, ಕರೆಂಟೂ ಜಾಸ್ತಿ. ಅದಕ್ಕೇ ಮೋಟರಿಗೆ ಎರಡು ಬಗೆಯ ಶಕ್ತಿ ಬರೆದಿರುತ್ತಾರೆ. ಒಂದು ಗಂಟೆಯ ಮಟ್ಟಿಗೆ ಇಷ್ಟು, ದಿನವಿಡೀ ಆದರೆ ಅದಕ್ಕಿಂತ ಕಡಿಮೆ. ಆ ಒಂದು ಗಂಟೆಯ ಲೆಕ್ಕ ಮೀರಿದರೆ ಇಂಜಿನ್ ಆ ದಿನ ಏನೂ ಹೇಳುವುದಿಲ್ಲ. ಒಳಗಿನ ಇನ್ಸುಲೇಷನ್, ಅಂದರೆ ಕರೆಂಟ್ ಸೋರದಂತೆ ತಂತಿಗೆ ಸುತ್ತಿದ ಹೊದಿಕೆ, ಒಣಗುತ್ತಾ ಹೋಗುತ್ತದೆ. ತಾಳಿಕೊಳ್ಳುವ ಮಟ್ಟಕ್ಕಿಂತ ಹತ್ತು ಡಿಗ್ರಿ ಬಿಸಿ ಜಾಸ್ತಿಯಾದರೆ ಇನ್ಸುಲೇಷನ್ನಿನ ಆಯುಸ್ಸು ಸುಮಾರಾಗಿ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಮೋಟರ್ ಕೆಲಸದವರ ಹಳೇ ಲೆಕ್ಕ. ಅದರ ಫಲ ವರ್ಷಗಳ ನಂತರ ಒಂದು ಮಳೆಗಾಲದಲ್ಲಿ ಕಾಣುತ್ತದೆ. ಹಾಗಾಗಿ ಘಾಟಿ ಇಂಜಿನ್ ಎಷ್ಟು ಕಿಲೋಮೀಟರ್ ಓಡಿತು ಅನ್ನುವುದಕ್ಕಿಂತ ಅದನ್ನು ಯಾರು ಹೇಗೆ ಓಡಿಸಿದರು ಅನ್ನುವುದು ಮುಖ್ಯ. ಇದನ್ನು ನಾನು ಒತ್ತಿ ಹೇಳುತ್ತೇನೆ. ಆ ಇಂಜಿನ್ ಅರವತ್ತು ವರ್ಷ ಬಾಳಿದ್ದರಲ್ಲಿ ನಿಮ್ಮ ಅಜ್ಜನಂಥವರ ಕೈಗುಣದ ಪಾಲು ದೊಡ್ಡದು.

ಇನ್ನು ತಂತಿಯ ವಿಷಯ. ಮುಂಬೈನ ಡಿಸಿ ಹಂತ ಹಂತವಾಗಿ ಹೋಯಿತು. 2016ರ ಏಪ್ರಿಲ್‌ನಲ್ಲಿ ಹಾರ್ಬರ್ ಲೈನ್ ಕೂಡ 25,000 ವೋಲ್ಟ್ ಎಸಿಗೆ ಬದಲಾದಾಗ 1500 ವೋಲ್ಟಿನ ಕಥೆ ಮುಗಿಯಿತು. ಹೊಸ ಎಸಿಗೆ ಹಳೇ ಖೇಕಡಾ ತನ್ನ ಪ್ಯಾಂಟೋಗ್ರಾಫ್ (ತಂತಿಗೆ ತಾಗಿ ಕರೆಂಟ್ ತೆಗೆದುಕೊಳ್ಳುವ ತಲೆ ಮೇಲಿನ ಚೌಕಟ್ಟು) ಎತ್ತಿದರೆ ಇನ್ಸುಲೇಟರುಗಳು ಅಲ್ಲೇ ಸಿಡಿದುಹೋಗುತ್ತವೆ. ಅದಕ್ಕೆ ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಲ್ಲ, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇಲ್ಲ. ಅವನ್ನು ಕೂರಿಸಲು ಜಾಗವೂ ಇಲ್ಲ.

ಬೇರೆ ದೇಶಗಳನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅದೇ ವಿಂಟರ್‌ಥೂರ್ ಕಾರ್ಖಾನೆ ನಮ್ಮದಕ್ಕಿಂತ ಮುಂಚೆ, 1919ರಿಂದ, ಗೊಟ್ಟಾರ್ಡ್ ಪರ್ವತ ಮಾರ್ಗಕ್ಕೆ ಸಿಇ 6/8 ಅನ್ನುವ ಮೊಸಳೆ ಇಂಜಿನ್‌ಗಳನ್ನು ಕಟ್ಟಿತ್ತು. ಅಲ್ಲಿನ ಏರೂ ಹೆಚ್ಚು ಕಡಿಮೆ ಭೋರ್ ಘಾಟಿಯಷ್ಟೇ. ಆ ಇಂಜಿನ್‌ಗಳಲ್ಲಿ 14253 ನಂಬರಿನದನ್ನು ಓಡುವ ಸ್ಥಿತಿಯಲ್ಲೇ ಇಟ್ಟುಕೊಂಡಿದ್ದಾರೆ. ಸ್ವಿಸ್ ಕೆಲಸಗಾರರು ನಮ್ಮವರಿಗಿಂತ ಜಾಣರು ಅಂತಲ್ಲ. ಸ್ವಿಟ್ಜರ್ಲೆಂಡ್ ನೂರು ವರ್ಷದ ಹಿಂದೆ ಆರಿಸಿಕೊಂಡ 15,000 ವೋಲ್ಟಿನ ಎಸಿಯನ್ನೇ ಇವತ್ತಿಗೂ ಬಳಸುತ್ತಿದೆ. ಮುತ್ತಜ್ಜನ ಕಾಲದ ಇಂಜಿನ್ ಇವತ್ತಿನ ತಂತಿಗೆ ಪ್ಯಾಂಟೋ ಎತ್ತಿ ಹೊರಟುಬಿಡುತ್ತದೆ.

ಇಂಗ್ಲೆಂಡಿನದು ಇನ್ನೂ ಸ್ವಾರಸ್ಯ. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವಿನ ವುಡ್‌ಹೆಡ್ ಮಾರ್ಗಕ್ಕೆ, ಅಲ್ಲೂ 1500 ವೋಲ್ಟ್ ಡಿಸಿಯೇ, 1953–54ರಲ್ಲಿ ಇಎಂ2 ಅನ್ನುವ ಏಳು ಇಂಜಿನ್ ಕಟ್ಟಿದರು. ಅಲ್ಲಿ ಪ್ರಯಾಣಿಕರ ಗಾಡಿ ನಿಲ್ಲುವ ಹೊತ್ತಿಗೆ, 1969ರಲ್ಲಿ, ಏಳನ್ನೂ ನೆದರ್‌ಲೆಂಡ್ಸಿಗೆ ಮಾರಿದರು. ಅಲ್ಲಿನ ತಂತಿಯಲ್ಲೂ 1500 ವೋಲ್ಟ್ ಡಿಸಿ. ಆರು ಇಂಜಿನ್‌ಗಳು 1986ರವರೆಗೆ ಅಲ್ಲಿ ದುಡಿದವು. ಮೂರು ಉಳಿದಿವೆ. ಎಲೆಕ್ಟ್ರಾ, ಅರಿಯಾಡ್ನಿ ಎಂಬ ಎರಡು ತವರಿಗೆ ಮರಳಿದವು. ಅಲ್ಲಿ ಅವು ಓಡಿದ ಮಾರ್ಗವೂ ಪೂರ್ತಿ ಉಳಿದಿಲ್ಲ, ಆ ಡಿಸಿ ತಂತಿಯೂ ಇಲ್ಲ. ಡಯಾನಾ ಎಂಬ ಮೂರನೆಯದು ನೆದರ್‌ಲೆಂಡ್ಸಿನಲ್ಲೇ ಉಳಿಯಿತು. ಅದನ್ನು ಓಡುವ ಸ್ಥಿತಿಗೆ ತಂದು ವಿಶೇಷ ಗಾಡಿಗಳನ್ನೂ ಎಳೆಸಿದರು. ಒಂದೇ ಕಾರ್ಖಾನೆಯ ಮೂರು ಅಕ್ಕತಂಗಿಯರಲ್ಲಿ ಪರದೇಶದಲ್ಲಿ ಉಳಿದವಳಿಗೆ ಮಾತ್ರ ಓಡುವ ಭಾಗ್ಯ.

ತಂತಿ ಬದಲಾಗುವುದಷ್ಟೇ ಅಡ್ಡಿಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರೈಲ್‌ರೋಡಿನ ಜಿಜಿ1 ಇಂಜಿನ್ ನೋಡಿ. 139 ಕಟ್ಟಿದ್ದರು, 1983ರವರೆಗೆ ಓಡಿದವು, 16 ಉಳಿದಿವೆ. ಒಂದೂ ಓಡುವುದಿಲ್ಲ. ಅವುಗಳ ಟ್ರಾನ್ಸ್‌ಫಾರ್ಮರಿನಲ್ಲಿ ತಂಪು ಮಾಡಲು ಪಿಸಿಬಿ ಅನ್ನುವ ರಾಸಾಯನಿಕವಿದ್ದ ದ್ರವ ತುಂಬಿರುತ್ತಿತ್ತು. ಬೆಂಕಿ ಹಿಡಿಯುವುದಿಲ್ಲ ಅಂತ ಆಗ ಮೆಚ್ಚಿ ಹಾಕಿದ್ದು. ಆಮೇಲೆ ಅದು ಕ್ಯಾನ್ಸರ್ ತರುವಂಥ ವಿಷ, ಮಣ್ಣಿಗೆ ಬಿದ್ದರೆ ಕರಗದೆ ಉಳಿಯುತ್ತದೆ ಅಂತ ತಿಳಿಯಿತು. ಇಂಜಿನ್‌ಗಳನ್ನು ಉಳಿಸುವಾಗ ಅದನ್ನು ತೆಗೆದುಹಾಕಲೇ ಬೇಕಾಯಿತು. ಇನ್ನು ಹಳೇ ಸ್ವಿಚ್ಚುಗಳಲ್ಲಿ ಕಿಡಿ ತಡೆಯುವ ಪೆಟ್ಟಿಗೆಗಳಿಗೆ ಆಸ್ಬೆಸ್ಟಾಸ್ ಹಾಕಿರುತ್ತಿದ್ದರು. ಹಳೇ ಎಲೆಕ್ಟ್ರಿಕ್ ಇಂಜಿನ್ನಿನ ಒಳಗೆ ಸುಮ್ನೆ ಕೈ ಹಾಕಬಾರದು ಅನ್ನುವುದಕ್ಕೆ ಇವೇ ಕಾರಣ. ಪುಡಿಯನ್ನು ಗಾಳಿ ಹೊಡೆದು ಎಬ್ಬಿಸುವುದಂತೂ ಕೂಡದು.

ಹಾಗಾದರೆ ನಮ್ಮ ಖೇಕಡಾ ಓಡಿಸುವ ದಾರಿಯೇ ಇಲ್ಲವಾ? ಇದೆ. ಡಿಸಿ ಮೋಟರಿಗೆ ಒಂದು ಒಳ್ಳೇ ಗುಣವಿದೆ. ಕಡಿಮೆ ವೋಲ್ಟ್ ಕೊಟ್ಟರೆ ನಿಧಾನಕ್ಕೆ ತಿರುಗುತ್ತದೆ, ಹಟ ಮಾಡುವುದಿಲ್ಲ. ಮಟ್ಟಸವಾದ ಹಳಿಯ ಮೇಲೆ 125 ಟನ್ನಿನ ಇಂಜಿನ್ ಒಂದನ್ನೇ ನಡಿಗೆ ವೇಗದಲ್ಲಿ ಓಡಿಸಲು ಚಕ್ರಕ್ಕೆ ಬೇಕಾಗುವ ಶಕ್ತಿ ಹತ್ತು ಕಿಲೋವ್ಯಾಟಿನ ಆಸುಪಾಸು. ಹೊರಡುವಾಗ ಬೇಕಾಗುವ ಹೆಚ್ಚಿನ ಎಳೆತ, ತಂತಿಯಲ್ಲಿ, ರೆಸಿಸ್ಟರಿನಲ್ಲಿ ಬಿಸಿಯಾಗಿ ಹೋಗುವುದು ಎಲ್ಲ ಸೇರಿದರೂ ಒಂದು ಸಾಧಾರಣ ಜನರೇಟರಿನ ಅಳತೆಯೊಳಗೇ ಬರುತ್ತದೆ. ಮ್ಯೂಸಿಯಂ ಆವರಣದಲ್ಲಿ ಅರ್ಧ ಕಿಲೋಮೀಟರ್ ಹಳಿ, ಮೇಲೆ ತಂತಿ, ಪಕ್ಕದಲ್ಲಿ ಒಂದು ರೆಕ್ಟಿಫೈಯರ್ ಸಾಕು. ಇಂಜಿನ್ ನಡೆದೀತು, ರಾಡುಗಳು ತಿರುಗಿಯಾವು.

ಆದರೆ ಅದಕ್ಕೆ ಮುಂಚೆ ಇಂಜಿನ್ ಒಳಗೆ ಏನೇನು ಉಳಿದಿದೆ ಅಂತ ನೋಡಬೇಕು. ಗುಜರಿಗೆ ಅಂತ ನಿಂತ ಇಂಜಿನ್ನಿನಿಂದ ಮೊದಲು ಹೋಗುವುದು ತಾಮ್ರ. ಹೊರಗಿನಿಂದ ಫಳಫಳ ಬಣ್ಣ, ಒಳಗೆ ಕೇಬಲ್ಲೇ ಇಲ್ಲ. ಇಂಥವು ಜಗತ್ತಿನ ಎಲ್ಲ ದೇಶಗಳಲ್ಲೂ ಇವೆ. ಕೇಬಲ್ ಇದ್ದರೂ ಕೂಡಲೇ ಕರೆಂಟ್ ಕೊಡುವ ಹಾಗಿಲ್ಲ. ವರ್ಷಗಟ್ಟಲೆ ನಿಂತ ಮೋಟರ್ ತೇವ ಹೀರಿರುತ್ತದೆ. ಮೆಗ್ಗರ್ ಹಾಕಿ ಇನ್ಸುಲೇಷನ್ ಅಳೆಯಬೇಕು, ಒಳಗೆ ಹೀಟರ್ ಇಟ್ಟು ದಿನಗಟ್ಟಲೆ ಒಣಗಿಸಬೇಕು, ಮತ್ತೆ ಅಳೆಯಬೇಕು. ಇಲಿ ಕಡಿದ ವೈರು ಹುಡುಕಬೇಕು. ಬೇರಿಂಗ್ ಬಿಚ್ಚಿ ನೋಡಬೇಕು.

ನನ್ನ ಅಭಿಪ್ರಾಯ ಕೇಳಿದರೆ ಎಲ್ಲ ಇಂಜಿನ್ ಓಡಲೇಬೇಕು ಅಂತ ನಾನು ಹೇಳುವುದಿಲ್ಲ. ಓಡಿಸಬೇಕಾದರೆ ಹಳೇ ವೈಂಡಿಂಗ್ ಕಿತ್ತು ಹೊಸದು ಸುತ್ತಬೇಕು, ಹಳೇ ಕೇಬಲ್ ಎಸೆಯಬೇಕು. 1928ರ ಕೈಕೆಲಸ ಅಲ್ಲಿಗೆ ಹೋಯಿತು. ಒಂದೇ ವರ್ಗದಲ್ಲಿ ಎರಡು ಮೂರು ಉಳಿದಿದ್ದರೆ ಒಂದನ್ನು ಓಡಿಸಿ, ಇನ್ನೊಂದನ್ನು ಮುಟ್ಟದೆ ಇಡಿ. ಖೇಕಡಾ ಮುಂಬೈನ ನೆಹರು ವಿಜ್ಞಾನ ಕೇಂದ್ರದಲ್ಲೂ ಒಂದಿದೆ. ಹಾಗಾಗಿ ಇಂಥ ಯೋಚನೆಗೆ ಇಲ್ಲಿ ಜಾಗವಿದೆ.

ಓಡಿಸದೆ ಕಾಪಾಡುವುದಾದರೆ ಎಲ್ಲಕ್ಕಿಂತ ಮೊದಲು ಸೂರು ಬೇಕು. ಬಣ್ಣಕ್ಕಿಂತ ಮುಂಚೆ, ಬೋರ್ಡಿಗಿಂತ ಮುಂಚೆ ಸೂರು. ಎಲೆಕ್ಟ್ರಿಕ್ ಇಂಜಿನ್ನಿನ ತಲೆ ಮೇಲೆ ಕೇಬಲ್ ಇಳಿಯುವ ತೂತುಗಳು, ಮೋಟರಿಗೆ ಗಾಳಿ ಹೋಗುವ ಜಾಲರಿಗಳು, ತೆಗೆದು ಹಾಕುವ ಮುಚ್ಚಳಗಳು ತುಂಬಾ. ಅದರ ರಬ್ಬರ್ ಪಟ್ಟಿ ಕೆಲವೇ ವರ್ಷದಲ್ಲಿ ಒಣಗಿ ಬಿರಿಯುತ್ತದೆ. ಆಮೇಲೆ ಪ್ರತಿ ಮಳೆಗೂ ನೀರು ನೇರ ಒಳಗಿನ ಸ್ವಿಚ್ಚುಗಳ ಮೇಲೆ. ಹೊರಗೆ ವರ್ಷ ವರ್ಷ ಬಣ್ಣ ಬಳಿಯುತ್ತಾರೆ, ಒಳಗೆ ಕೊಳೆಯುತ್ತಿರುತ್ತದೆ. ಆ ಬಣ್ಣವೂ ತೊಂದರೆಯೇ. ಹೊಸದು ಬಳಿಯುವ ಮುನ್ನ ಹಳೇ ಪದರಗಳನ್ನು ಒಂದು ಅಂಗೈ ಅಗಲದಷ್ಟಾದರೂ ಹಾಗೇ ಬಿಡಬೇಕು. ಯಾವ ಕಾಲದಲ್ಲಿ ಯಾವ ಬಣ್ಣವಿತ್ತು ಅನ್ನುವುದಕ್ಕೆ ಅದೊಂದೇ ನಂಬುವಂಥ ದಾಖಲೆ. ಸ್ವಿಚ್ಚಿನ ಪಕ್ಕದ ಹಿತ್ತಾಳೆ ಪಟ್ಟಿ, ವೈರಿಗೆ ಕಟ್ಟಿದ ನಂಬರ್, ಚಾಲಕ ಪೆನ್ಸಿಲ್‌ನಲ್ಲಿ ಗೀಚಿದ ಗುರುತು ಎಲ್ಲ ಇದ್ದಲ್ಲೇ ಇರಲಿ. ಇನ್ನು ಸಾಧ್ಯವಾದರೆ ಆಗಾಗ ಇಂಜಿನ್ನನ್ನು ಕೆಲವು ಅಡಿ ಮುಂದಕ್ಕೆ ತಳ್ಳಿ ನಿಲ್ಲಿಸಬೇಕು. ಒಂದೇ ಜಾಗದಲ್ಲಿ ನಿಂತರೆ ಬೇರಿಂಗಿನ ಒಂದೇ ಬದಿಗೆ ಭಾರ ಬಿದ್ದು ಗ್ರೀಸ್ ಹಿಂಡಿಹೋಗಿ ತುಕ್ಕು ಕೂರುತ್ತದೆ.

ಇಷ್ಟೆಲ್ಲ ಮಾಡಿದರೂ ಕಳೆದುಹೋಗುವ ಒಂದು ಸಂಗತಿ ಇದೆ. ಅದನ್ನು ಉಳಿಸುವುದು ಈಗ ನಿಮ್ಮ ಕೈಯಲ್ಲಿದೆ. ಇಂಜಿನ್ ಹೇಗೆ ಕಟ್ಟಿದ್ದಾರೆ ಅನ್ನುವುದು ಡ್ರಾಯಿಂಗ್‌ಗಳಲ್ಲಿ ಸಿಗುತ್ತದೆ. ಹೇಗೆ ಓಡಿಸುತ್ತಿದ್ದರು ಅನ್ನುವುದು ಸಿಗುವುದಿಲ್ಲ. ಅಜ್ಜನನ್ನು ಕೂರಿಸಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿ. ‘ಆಗ ಹೇಗಿತ್ತು ಅಜ್ಜ’ ಅಂತ ಕೇಳಿದರೆ ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಕೈಗೆ ಸಂಬಂಧಪಟ್ಟ ಪ್ರಶ್ನೆ ಕೇಳಿ. ಒದ್ದೆ ಹಳಿಯಲ್ಲಿ ಗಾಡಿ ಹೊರಡಿಸುವಾಗ ಕಂಟ್ರೋಲರ್ ಹಿಡಿಯ ಎಷ್ಟನೇ ನಾಚ್‌ನಲ್ಲಿ (ಮೆಟ್ಟಿಲಿನಲ್ಲಿ) ಕಾಯುತ್ತಿದ್ದರು? ಚಕ್ರ ಜಾರದಿರಲು ಹಳಿಗೆ ಮರಳು ಯಾವಾಗ ಬಿಡುತ್ತಿದ್ದರು? ಚಕ್ರ ಜಾರುವುದು ಮೊದಲು ಕಿವಿಗೆ ಗೊತ್ತಾಗುತ್ತಿತ್ತಾ, ಆಮ್‌ಮೀಟರಿನ ಮುಳ್ಳಿಗಾ? ಬ್ಯಾಂಕರಿನವರಿಗೂ ಮುಂದಿನ ಇಂಜಿನ್ನಿನವರಿಗೂ ಸೀಟಿಯಲ್ಲಿ ಏನೇನು ಮಾತಾಗುತ್ತಿತ್ತು? ಇಳಿಯುವಾಗ ರೀಜನರೇಷನ್ ಕಚ್ಚಿಕೊಳ್ಳದಿದ್ದರೆ ಏನು ಮಾಡುತ್ತಿದ್ದರು? ಅವರ ಹತ್ತಿರ ಹಳೇ ಡೈರಿ, ವರ್ಕಿಂಗ್ ರೂಲ್ ಪುಸ್ತಕ, ಟ್ರೇನಿಂಗ್ ನೋಟ್ಸ್ ಇದ್ದರೆ ಒಂದು ಪುಟವನ್ನೂ ಬಿಡದೆ ಫೋಟೊ ತೆಗೆದು, ರೆಕಾರ್ಡಿಂಗ್ ಜೊತೆ ಒಂದು ಪ್ರತಿಯನ್ನು ಮ್ಯೂಸಿಯಂನವರಿಗೆ ಕೊಡಿ. ಮೂಲ ಮನೆಯಲ್ಲೇ ಇರಲಿ. ಅಜ್ಜ ಮರಾಠಿ, ಹಿಂದಿ, ಕನ್ನಡ ಬೆರೆಸಿ ಮಾತಾಡಿದರೆ ತಿದ್ದಬೇಡಿ, ಅವರು ಹೇಳಿದ ಹಾಗೇ ಬರೆದಿಡಿ.